ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಸೊನ್ನೆ ರೂಪಾಯಿ

ಬೋರ್‌ವೆಲ್ ಮೋಟರನ್ನು ಮನೆಯಿಂದಲೇ ಮೊಬೈಲಿನಲ್ಲಿ ಆನ್-ಆಫ್ ಮಾಡುವ ಪೆಟ್ಟಿಗೆಯೊಂದನ್ನು ನಾವೇ ತಯಾರಿಸಲು ಹೊರಟರೆ ಬಿಡಿಭಾಗಗಳಿಗೆ ಸುಮಾರು 3,400 ರೂಪಾಯಿ ಬೇಕು. ಅದರೊಳಗೆ ಓಡುವ ಆಪರೇಟಿಂಗ್ ಸಿಸ್ಟಮ್‌ಗೆ ಸೊನ್ನೆ. ಈ ಸೊನ್ನೆಯಿಂದ ಯಾರಿಗೆ ಎಷ್ಟು ಉಳಿಯುತ್ತದೆ ಎಂಬುದು ಎಷ್ಟು ಪೆಟ್ಟಿಗೆ ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ದೊಡ್ಡ ಕಂಪನಿಗೆ ಅದು ಚಿಲ್ಲರೆ. ನೂರೇ ನೂರು ಪೆಟ್ಟಿಗೆ ಮಾಡುವವನಿಗೆ ಧಂದೆ ಉಳಿಯುವುದೋ ಮುಳುಗುವುದೋ ಎಂಬ ಪ್ರಶ್ನೆ.

ಲೆಕ್ಕಕ್ಕೆ ಚೇಳೂರನ್ನೇ ಹಿಡಿಯೋಣ. ಗುಬ್ಬಿ ತಾಲ್ಲೂಕಿನ ಈ ಹೋಬಳಿ ಕೇಂದ್ರ ಹೊರಗಿನವರಿಗೆ ಗೊತ್ತಿರುವುದು ಹಲಸಿನ ವ್ಯಾಪಾರದಿಂದ, ಈಚೆಗೆ ಕೆಂಪು ತೊಳೆಯ ಸಿದ್ದು ಹಲಸಿನಿಂದ. ವರ್ಷವಿಡೀ ನೀರು ಕೇಳುವುದು ಮಾತ್ರ ತೆಂಗು, ಅಡಿಕೆ. ನೀರು ಬರುವುದು ಬೋರ್‌ನಿಂದ, ಬೋರ್ ಓಡುವುದು ಬೆಸ್ಕಾಂ ಕೊಡುವ ತ್ರೀಫೇಸ್ ಕರೆಂಟಿನಿಂದ. ಪಾಳಿ ರಾತ್ರಿಗೆ ಬಿದ್ದರೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು. ಹಾವಿನ ಭಯ ಹಳೆಯದು, ಚಿರತೆಯ ಭಯವೂ ಸೇರಿದೆ. 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ಈ ಪೆಟ್ಟಿಗೆ ಕರೆಂಟ್ ಬಿಲ್ ಉಳಿಸುವುದಿಲ್ಲ. ಉಳಿಸಬೇಕಾದದ್ದು ಓಡಾಟವನ್ನು, ಅದಕ್ಕಿಂತ ಹೆಚ್ಚಾಗಿ ಮೋಟರನ್ನು. ಸುಟ್ಟ ಮೋಟರನ್ನು ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಲು 15,000 ರೂಪಾಯಿ ಎಂದು ಹಿಡಿದರೂ ಒಂದು ಸಲ ತಪ್ಪಿದರೆ ಪೆಟ್ಟಿಗೆಯ ದುಡ್ಡು ಹುಟ್ಟಿತು.

ಈಗ 3,400ರ ವಿವರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಇಂದು ಒಂದು ದರ, ನಾಳೆ ಇನ್ನೊಂದು. ಹಾಗಾಗಿ ಇವು ದುಂಡಗಿನ ಅಂದಾಜುಗಳು. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಮಾಡ್ಯೂಲ್ 300, ಆಂಟೆನಾ ಸಮೇತ 4ಜಿ ಮಾಡ್ಯೂಲ್ 1,100, ಕರೆಂಟ್ ಅಳೆಯುವ ಮೂರು ಸಿಟಿ ತಲಾ 150ರಂತೆ 450, ವೋಲ್ಟೇಜ್ ಅಳೆಯುವ ಭಾಗ 150, ಪವರ್ ಸಪ್ಲೈ 350, ಎರಡು ರಿಲೇ 120, ಬೋರ್ಡ್ ಮತ್ತು ಬೆಸುಗೆ 380, ಡಬ್ಬ, ಟರ್ಮಿನಲ್, ವೈರು ಎಲ್ಲ ಸೇರಿ 550.

ಮೂರು ಸಿಟಿಗೆ 450 ಸುರಿಯುವ ಬದಲು ಬರೀ ವೋಲ್ಟೇಜ್ ನೋಡಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸಬಹುದು. ಸಾಲದು. ಓಡುತ್ತಿರುವ ಮೋಟರಿಗೆ ಒಂದು ಫೇಸ್ ತಪ್ಪಿದಾಗ, ತಿರುಗುತ್ತಿರುವ ಮೋಟರೇ ಆ ಸತ್ತ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಮೀಟರ್ ಹಿಡಿದರೆ ಮೂರೂ ಫೇಸ್ ಇದ್ದ ಹಾಗೆಯೇ ಕಾಣುತ್ತದೆ. ಆದರೆ ಉಳಿದ ಎರಡು ಫೇಸಿನಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರಿರುತ್ತದೆ. 15 ಆಂಪಿಯರ್ ಎಳೆಯುತ್ತಿದ್ದ ಮೋಟರ್ 26 ಎಳೆಯತೊಡಗುತ್ತದೆ. ಕಳ್ಳನನ್ನು ಹಿಡಿಯುವುದು ಸಿಟಿಯೇ. (ಒಂದು ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಓಡಿಸುವುದು ನಮ್ಮ ಕಡೆ ಮಾಮೂಲು. ಅದಕ್ಕೆ ಅವಕಾಶ ಕೊಡದ ಪೆಟ್ಟಿಗೆಯನ್ನು ವಾರದೊಳಗೆ ಬೈಪಾಸ್ ಮಾಡಿರುತ್ತಾರೆ ಎಂಬುದನ್ನು ಇಂಜಿನಿಯರು ಮೊದಲೇ ತಿಳಿದಿದ್ದರೆ ಒಳ್ಳೆಯದು.)

ಇನ್ನು ಸಮಯದ ಲೆಕ್ಕ. 50 ಹರ್ಟ್ಸ್ ಕರೆಂಟಿನ ಒಂದು ಆವರ್ತ 20 ಮಿಲಿಸೆಕೆಂಡ್. 1 ಮಿಲಿಸೆಕೆಂಡಿಗೊಮ್ಮೆ ಅಳೆದರೆ ಆವರ್ತಕ್ಕೆ 20 ಅಳತೆ. ಮೂರು ವೋಲ್ಟೇಜ್, ಮೂರು ಕರೆಂಟ್ ಸೇರಿ ಸೆಕೆಂಡಿಗೆ 6,000. ಕೇಳಲು ದೊಡ್ಡದು. ಆದರೆ 240 ಮೆಗಾಹರ್ಟ್ಸ್‌ನಲ್ಲಿ ಓಡುವ ಇಎಸ್‌ಪಿ32ಗೆ ಒಂದೊಂದು ಮಿಲಿಸೆಕೆಂಡಿನಲ್ಲಿ 2,40,000 ಗಡಿಯಾರ ಬಡಿತ ಸಿಗುತ್ತವೆ. ಆರು ಅಳತೆ, ಒಂದಿಷ್ಟು ಗುಣಾಕಾರ ಅದಕ್ಕೆ ಲೆಕ್ಕಕ್ಕೇ ಇಲ್ಲ. ತಪ್ಪು ಎಚ್ಚರಿಕೆ ಬಾರದಿರಲೆಂದು ಮೂರು ಆವರ್ತ ಕಾದು, ಅಂದರೆ 60 ಮಿಲಿಸೆಕೆಂಡ್, ಆಮೇಲೆ ಕಾಂಟ್ಯಾಕ್ಟರ್ ಬಿಡಲು ಇನ್ನಷ್ಟು ಕೊಟ್ಟರೂ 100 ಮಿಲಿಸೆಕೆಂಡಿನೊಳಗೆ ಮೋಟರ್ ನಿಲ್ಲಿಸಬಹುದು. ಮೋಟರ್ ಸುಡುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು.

ಇಷ್ಟು ಸಲೀಸಾಗಿರುವಾಗ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಯಾಕೆ? ಉತ್ತರ ಮೊಬೈಲ್ ಮಾಡ್ಯೂಲಿನಲ್ಲಿದೆ. ಎಸ್‌ಎಂಎಸ್ ಕಳಿಸು ಎಂದು ಆಜ್ಞೆ ಕೊಟ್ಟರೆ ಮಾಡ್ಯೂಲ್ ‘ಓಕೆ’ ಎನ್ನಲು 60 ಸೆಕೆಂಡ್‌ವರೆಗೂ ತೆಗೆದುಕೊಳ್ಳಬಹುದು ಎಂದು ಸಿಮ್‌ಕಾಮ್‌ನಂಥ ತಯಾರಕರ ಕೈಪಿಡಿಯೇ ಹೇಳುತ್ತದೆ. ಹಳೆಯ ರೀತಿಯಲ್ಲಿ, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಒಂದಾದ ಮೇಲೊಂದರಂತೆ ಮಾಡುವ ಪ್ರೋಗ್ರಾಂ ಬರೆದಿದ್ದರೆ ಅಷ್ಟೂ ಹೊತ್ತು ಸಿಟಿ ನೋಡುವವರೇ ಇಲ್ಲ. 100 ಮಿಲಿಸೆಕೆಂಡಿನ ಗಡುವಿಗೆ 60,000 ಮಿಲಿಸೆಕೆಂಡ್ ನಿದ್ದೆ, 600 ಪಟ್ಟು. ‘ಮೋಟರ್ ಆನ್ ಆಗಿದೆ’ ಎಂಬ ಸಂದೇಶ ಹೋಗುತ್ತಿರುವಾಗಲೇ ಫೇಸ್ ತಪ್ಪಬಹುದಲ್ಲ? ರಿಯಲ್ ಟೈಮ್ ಎಂದರೆ ವೇಗವಲ್ಲ, ಗಡುವು ತಪ್ಪಬಾರದೆಂಬುದು. ಮಾಡ್ಯೂಲ್ ಎಷ್ಟೇ ಆಮೆಯಾದರೂ ಮೋಟರ್ ಕಾಯುವ ಕೆಲಸ ನಡುವೆ ನುಗ್ಗಿ ತನ್ನ ಪಾಲು ಮುಗಿಸಬೇಕು.

ಆ ನುಗ್ಗಿಸುವ ಕೆಲಸ ಮಾಡುವುದು ನಮ್ಮ ಸೊನ್ನೆ ರೂಪಾಯಿಯ ಆಪರೇಟಿಂಗ್ ಸಿಸ್ಟಮ್, ಫ್ರೀಆರ್‌ಟಿಓಎಸ್. ರಿಚರ್ಡ್ ಬ್ಯಾರಿ 2003ರಲ್ಲಿ ಬರೆಯತೊಡಗಿದ್ದು. 2017ರಲ್ಲಿ ಅಮೆಜಾನ್ ಅದರ ಹೊಣೆ ಹೊತ್ತಮೇಲೆ ಎಂಐಟಿ ಲೈಸೆನ್ಸಿಗೆ ಬಂತು. ಇಎಸ್‌ಪಿ32 ತಯಾರಕರು ತಮ್ಮ ತಂತ್ರಾಂಶದ ಜೊತೆಗೇ ಇದನ್ನು ಕೊಡುತ್ತಾರೆ. ಅದರ ಕರ್ನಲ್ ಹಿಡಿಯುವ ಜಾಗ 5ರಿಂದ 10 ಕಿಲೋಬೈಟ್. ಫ್ರೀಆರ್‌ಟಿಓಎಸ್‌ನವರೇ ಕೊಡುವ ಲೆಕ್ಕದಂತೆ ಶೆಡ್ಯೂಲರ್‌ಗೆ 236 ಬೈಟ್, ಪ್ರತಿ ಟಾಸ್ಕ್‌ಗೆ 64 ಬೈಟ್ ಮತ್ತು ಅದರ ಸ್ಟ್ಯಾಕ್, ಪ್ರತಿ ಕ್ಯೂಗೆ 76 ಬೈಟ್. ನಮ್ಮ ಪೆಟ್ಟಿಗೆಗೆ ಆರು ಟಾಸ್ಕ್: ಮೋಟರ್ ಕಾವಲು, ಅಳತೆ, ಆನ್-ಆಫ್, ಮೊಬೈಲ್, ದಾಖಲೆ, ಗುಂಡಿ-ದೀಪ. ನಾಲ್ಕು ಕ್ಯೂ. ಮೊಬೈಲ್ ಟಾಸ್ಕ್‌ಗೆ 4 ಕಿಲೋಬೈಟ್, ಉಳಿದ ಐದಕ್ಕೆ ತಲಾ 1 ಕಿಲೋಬೈಟ್ ಸ್ಟ್ಯಾಕ್ ಕೊಟ್ಟರೆ ಎಲ್ಲ ಸೇರಿ 10,140 ಬೈಟ್. ಇಎಸ್‌ಪಿ32ನ 520 ಕಿಲೋಬೈಟ್ ಮೆಮೊರಿಯಲ್ಲಿ ಇದು ನೂರಕ್ಕೆ ಎರಡು. 20 ಕಿಲೋಬೈಟ್ ಮಾತ್ರ ಇರುವ ಎಸ್‌ಟಿಎಂ32ಎಫ್103ರಂಥ ಬಡ ಚಿಪ್‌ನಲ್ಲೂ ಅರ್ಧ ಮಿಗುತ್ತದೆ.

ಇದೇ ಪೆಟ್ಟಿಗೆಗೆ ಲಿನಕ್ಸ್ ಹಾಕಬಹುದಲ್ಲ ಎನ್ನುವವರಿದ್ದಾರೆ. ಇಪ್ಪತ್ತು ವರ್ಷ ಹೊರಗೇ ಬೆಳೆದ ರಿಯಲ್ ಟೈಮ್ ತಿದ್ದುಪಡಿ 2024ರ ನವೆಂಬರಿನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಲಿನಕ್ಸಿನ ಒಳಗೇ ಸೇರಿತು, ನಿಜ. ಆದರೆ ಲಿನಕ್ಸ್ ಕೇಳುವುದು ಕಿಲೋಬೈಟ್ ಅಲ್ಲ, ಹತ್ತಾರು ಮೆಗಾಬೈಟ್. ಕ್ಯಾಮೆರಾ ಇಟ್ಟು ಹಲಸು ವಿಂಗಡಿಸುವ ಯಂತ್ರ ಮಾಡುವುದಾದರೆ ಲಿನಕ್ಸ್ ಸರಿ, ಸ್ಟಾರ್ಟರಿಗೆ ದುಬಾರಿ.

ಈಗ ದುಡ್ಡಿನ ಮುಖ್ಯ ಲೆಕ್ಕಕ್ಕೆ ಬರೋಣ. ತುಮಕೂರಿನ ಸಿದ್ದಗಂಗಾ ತಾಂತ್ರಿಕ ಕಾಲೇಜು, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಕಾಲೇಜಿನಂಥ ಕಡೆ ಓದಿದ ಇಬ್ಬರು ಹುಡುಗರು ತಿಂಗಳಿಗೆ ತಲಾ 50,000ದಂತೆ ಆರು ತಿಂಗಳು ಕೆಲಸ ಮಾಡಿದರೆ 6 ಲಕ್ಷ. ಬೋರ್ಡಿನ ಮಾದರಿಗಳಿಗೆ 60,000, ಪರೀಕ್ಷೆಯ ಮೇಜಿಗೆ 90,000, ಲ್ಯಾಬಿನಲ್ಲಿ ವಿದ್ಯುತ್ ಹೊಡೆತದ ಪರೀಕ್ಷೆಗೆ 1.5 ಲಕ್ಷ. ಒಟ್ಟು 9 ಲಕ್ಷ ಎಂದು ಹಿಡಿಯಿರಿ. ಇದು ಒಂದು ಪೆಟ್ಟಿಗೆ ಮಾಡಿದರೂ ಅಷ್ಟೇ, ಸಾವಿರ ಮಾಡಿದರೂ ಅಷ್ಟೇ.

100 ಪೆಟ್ಟಿಗೆ ಮಾಡಿದರೆ ತಲಾ 9,000 ಸೇರಿ ಒಂದರ ಅಸಲು 12,400. 500 ಮಾಡಿದರೆ 5,200. 3,000 ಮಾಡಿದರೆ 3,700. ಈಗ ಹಣ ಕೊಟ್ಟು ತರುವ ಆಪರೇಟಿಂಗ್ ಸಿಸ್ಟಮ್ ಹಾಕೋಣ: ಮುಂಗಡ 6 ಲಕ್ಷ, ಪೆಟ್ಟಿಗೆಗೆ 100 ರಾಯಲ್ಟಿ. ಇದು ಯಾವ ಕಂಪನಿಯ ದರಪಟ್ಟಿಯೂ ಅಲ್ಲ, ಲೆಕ್ಕಕ್ಕೆ ಹಿಡಿದ ಮೊತ್ತ. ಆಗ 100ಕ್ಕೆ ಒಂದರ ಅಸಲು 18,500, 500ಕ್ಕೆ 6,500, 3,000ಕ್ಕೆ 4,000. ವ್ಯತ್ಯಾಸ ಕ್ರಮವಾಗಿ 6,100, 1,300, 300. ಉಚಿತ ಆಪರೇಟಿಂಗ್ ಸಿಸ್ಟಮ್ ಇಲ್ಲದಿದ್ದರೆ ದೊಡ್ಡವರು 300 ಏರಿಸಿ ಮಾರುತ್ತಿದ್ದರು. ಚೇಳೂರಿನ ಸುತ್ತಮುತ್ತ ನೂರು ಪೆಟ್ಟಿಗೆ ಮಾರಲು ಹೊರಟವನು ಹೊರಡುತ್ತಲೇ ಇರಲಿಲ್ಲ. ಹಣ ಕೇಳುತ್ತಿದ್ದವರಲ್ಲಿ ಕೆಲವರು ಈಚೆಗೆ ಬಾಗಿಲು ತೆರೆದಿದ್ದಾರೆ: ಮೈಕ್ರೋಸಾಫ್ಟ್ 2019ರಲ್ಲಿ ಕೊಂಡ ಥ್ರೆಡ್‌ಎಕ್ಸ್ 2023ರಲ್ಲಿ ಎಕ್ಲಿಪ್ಸ್ ಫೌಂಡೇಶನ್‌ಗೆ ಹೋಗಿ ಮುಕ್ತವಾಯಿತು. ಲಿನಕ್ಸ್ ಫೌಂಡೇಶನ್ನಿನ ಜೆಫೈರ್ ಅಂತೂ 2016ರಲ್ಲಿ ಶುರುವಾದಂದಿನಿಂದಲೂ ಮುಕ್ತ.

ಆದರೆ ಗಮನಿಸಿ, 9 ಲಕ್ಷದಲ್ಲಿ 6 ಲಕ್ಷ ಸಂಬಳ. ಸೊನ್ನೆ ರೂಪಾಯಿಯ ಸರಕು ಅದನ್ನು ಇಳಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಆರು ತಿಂಗಳಲ್ಲಿ ಕೋಡ್ ಬರೆಯಲು ಎರಡು ಸಾಕು, ಉಳಿದ ನಾಲ್ಕು ಪರೀಕ್ಷೆಗೆ. 1 ಮಿಲಿಸೆಕೆಂಡಿನ ಗಡುವು 30 ದಿನಕ್ಕೆ 259 ಕೋಟಿ ಸಲ ಬರುತ್ತದೆ. ಕೋಟಿಗೊಂದು ತಪ್ಪಿದರೂ 259 ತಪ್ಪು. ಬಿಡಿಬಿಡಿಯಾಗಿ ತಪ್ಪಿದರೆ ನಮ್ಮ ಪೆಟ್ಟಿಗೆಗೆ ಬಾಧಕವಿಲ್ಲ, ಸಾಲಾಗಿ ನೂರು ತಪ್ಪಿದರೆ ಮೋಟರ್ ಕಾವಲು ಹೋಯಿತು. ಸಾಲಾಗಿ ತಪ್ಪುವುದು ಹೇಗೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ 1997ರ ಜುಲೈ 4ರಂದು ಮಂಗಳದಲ್ಲಿ ಇಳಿದ ಪಾತ್‌ಫೈಂಡರ್. ಹವಾಮಾನದ ಕಿರಿಯ ಟಾಸ್ಕ್ ಒಂದು ಬೀಗ ಹಿಡಿದಿತ್ತು, ನಡುವಿನ ಟಾಸ್ಕ್ ಅದನ್ನು ಓಡಗೊಡಲಿಲ್ಲ, ಆ ಬೀಗಕ್ಕೆ ಕಾದ ಹಿರಿಯ ಟಾಸ್ಕ್ ಗಡುವು ತಪ್ಪಿಸಿಕೊಂಡಿತು, ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಯಿತು. ಅಲ್ಲಿದ್ದದ್ದು ಹಣ ಕೊಟ್ಟು ತಂದ ವಿಎಕ್ಸ್‌ವರ್ಕ್ಸ್. ಬೀಗ ಹಿಡಿದ ಕಿರಿಯನಿಗೆ ಹಿರಿಯನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಆಯ್ಕೆ ಅದರಲ್ಲೇ ಇತ್ತು, ಆನ್ ಮಾಡಿರಲಿಲ್ಲ. ಭೂಮಿಯಿಂದಲೇ ಆನ್ ಮಾಡಿದರು. ಫ್ರೀಆರ್‌ಟಿಓಎಸ್‌ನ ಮ್ಯೂಟೆಕ್ಸ್‌ಗೂ ಈ ಗುಣವಿದೆ, ಬೈನರಿ ಸೆಮಾಫೋರ್‌ಗೆ ಇಲ್ಲ. ನಮ್ಮ ಪೆಟ್ಟಿಗೆಯಲ್ಲಿ ದಾಖಲೆ ಬರೆಯುವ ಟಾಸ್ಕ್ ಮತ್ತು ಕಾವಲಿನ ಟಾಸ್ಕ್ ಒಂದೇ ಮೆಮೊರಿಗೆ ಕೈಹಾಕುವಲ್ಲಿ ಎರಡರಲ್ಲಿ ತಪ್ಪಾದದ್ದನ್ನು ಆರಿಸಿದರೆ ಇದೇ ಕಥೆ. ಇಂಥದ್ದನ್ನು ಹುಡುಕಲು ಬೇಕಾದ ನಾಲ್ಕು ತಿಂಗಳನ್ನು ಯಾವ ಲೈಸೆನ್ಸೂ ಉಚಿತವಾಗಿ ಕೊಡುವುದಿಲ್ಲ.

ಪರೀಕ್ಷೆಯ ಹೊರೆ ಎಲ್ಲಿಯವರೆಗೆ ಏರಬಹುದು ಎಂಬುದಕ್ಕೆ ಪಕ್ಕದಲ್ಲೇ ಉದಾಹರಣೆಯಿದೆ. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯಲ್ಲಿ, 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ವಿಮಾನ-ಹೆಲಿಕಾಪ್ಟರುಗಳ ತಂತ್ರಾಂಶಕ್ಕೆ ಜಗತ್ತಿನಾದ್ಯಂತ ಅನ್ವಯಿಸುವ ಡಿಓ-178ಸಿ ಮಾನದಂಡದಲ್ಲಿ, ಕೆಟ್ಟರೆ ಪ್ರಾಣಕ್ಕೇ ಬರುವ ‘ಎ’ ದರ್ಜೆಗೆ 71 ಗುರಿಗಳನ್ನು ದಾಖಲೆ ಸಮೇತ ತೋರಿಸಬೇಕು. ಏನೂ ಪರಿಣಾಮವಿಲ್ಲದ ‘ಇ’ ದರ್ಜೆಗೆ ಸೊನ್ನೆ. ಮುಕ್ತವಾಗಿ ಸಿಗುವುದು ಕೋಡ್, ಆ ದಾಖಲೆಗಳಲ್ಲ. ಅದಕ್ಕೇ ಫ್ರೀಆರ್‌ಟಿಓಎಸ್‌ನ ಮಾದರಿಯಲ್ಲಿ ಸುರಕ್ಷತಾ ಪ್ರಮಾಣಪತ್ರದ ಕೆಲಸಕ್ಕಾಗಿ ಬರೆದ ಸೇಫ್‌ಆರ್‌ಟಿಓಎಸ್ ಹಣಕ್ಕೆ ಮಾರಾಟವಾಗುತ್ತದೆ. ಬೋರ್ ಸ್ಟಾರ್ಟರಿಗೆ ಇಷ್ಟೆಲ್ಲ ಬೇಡ, 259 ಕೋಟಿಯ ಪರೀಕ್ಷೆ ಸಾಕು.

ಕೊನೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು: ಸಿಮ್. ತಿಂಗಳಿಗೆ 100 ರೂಪಾಯಿ ರೀಚಾರ್ಜ್ ಎಂದರೂ ಐದು ವರ್ಷಕ್ಕೆ 6,000. ಬಿಡಿಭಾಗಗಳ ಒಟ್ಟು ಬೆಲೆಗಿಂತ ಹೆಚ್ಚು. ಈ ಖರ್ಚನ್ನು ಅಕ್ಕಪಕ್ಕದ ತೋಟದವರು ಹಂಚಿಕೊಳ್ಳಬಹುದು. 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಸುಮಾರು 88 ಆಂಪಿಯರ್ ಕೊಡಬಲ್ಲದು. ಅದರ ಕೆಳಗೆ 15 ಆಂಪಿಯರಿನ ಐದು ಮೋಟರ್ ಇದ್ದರೆ ಐದು ಸಿಮ್, ಐದು 4ಜಿ ಮಾಡ್ಯೂಲ್, 35,500 ರೂಪಾಯಿ. ಬದಲಿಗೆ ಲೈಸೆನ್ಸ್ ಬೇಡದ 865-867 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಲೋರಾ ಎಂಬ ರೇಡಿಯೋ ಮಾಡ್ಯೂಲ್ ಹಾಕಿ, ಐದಕ್ಕೂ ಸೇರಿ ಒಂದೇ ಸಿಮ್ ಇಟ್ಟರೆ: 500ರಂತೆ ಆರು ಲೋರಾ 3,000, ಒಂದು 4ಜಿ ಮಾಡ್ಯೂಲ್ 1,100, ಅದಕ್ಕೊಂದು ಡಬ್ಬ-ಬೋರ್ಡ್ 1,500, ಸಿಮ್ 6,000, ಒಟ್ಟು 11,600. ಪ್ರತಿ ರೈತನಿಗೆ 4,780 ಉಳಿಯಿತು. ಕರೆಂಟ್ ಬಂದ ಕೂಡಲೇ ಐದೂ ಮೋಟರ್ ಒಟ್ಟಿಗೆ ಎದ್ದು, ಮಾಮೂಲಿನ ಐದು ಪಟ್ಟು ಎಳೆದು, 375 ಆಂಪಿಯರಿನಲ್ಲಿ ಟಿಸಿಯನ್ನು ನರಳಿಸುವುದೂ ತಪ್ಪುತ್ತದೆ. ಐದೂ ಪೆಟ್ಟಿಗೆ ತಮ್ಮೊಳಗೆ ಮಾತಾಡಿಕೊಂಡು ಒಂದೊಂದಾಗಿ ಶುರುವಾದರೆ, ನಾಲ್ಕು ಓಡುತ್ತಿದ್ದು ಐದನೆಯದು ಏಳುವ ಹೊತ್ತಿಗೂ 135 ದಾಟದು, ಅದೂ ಕ್ಷಣಮಾತ್ರ. ಲೋರಾ ಕೋಡ್ ಜೆಫೈರ್‌ನಲ್ಲಿ ಸಿದ್ಧವಿದೆ. ಸಿದ್ಧವಾಗಬೇಕಿರುವುದು, ಆ ಒಂದು ಸಿಮ್ ಯಾರ ಹೆಸರಿನಲ್ಲಿರಬೇಕು, ರೀಚಾರ್ಜ್ ಯಾರು ಮಾಡಿಸಬೇಕು ಎಂಬುದಕ್ಕೆ ಐದು ತೋಟದವರ ಒಪ್ಪಿಗೆ.