ತೊಳೆದಷ್ಟೂ ತೀರದ ಸಂಶಯ

ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದವರು ವುಝೂಗೆ ಕುಳಿತರೆ ಏಳುವುದೇ ಇಲ್ಲವೇ? ಸಹೋದರಿಯರೇ, ಅದನ್ನು ಹಟವೆಂದು ಗದರಬೇಡಿ, ಭಕ್ತಿಯೆಂದು ಸುಮ್ಮನಾಗಲೂಬೇಡಿ. ಮೆದುಳಿನ ಮುಂಭಾಗಕ್ಕೂ ಆಳದ ಕೇಂದ್ರಗಳಿಗೂ ಇರುವ ಸಂಪರ್ಕಕ್ಕೆ ಪೆಟ್ಟಾದರೆ ಅಪರೂಪಕ್ಕೆ ಇಂಥ ಗೀಳು ರೋಗ ಕಾಣಿಸಿಕೊಳ್ಳುತ್ತದೆ. ಕೈ ಶುದ್ಧವಾಗಿದೆಯೆಂದು ಗೊತ್ತಿದ್ದರೂ ಮನಸ್ಸು ಒಪ್ಪದು.

ಸಂಶಯದಿಂದ ಖಚಿತವಾದುದು ಅಳಿಯದು ಎಂಬುದು ಫಿಕ್ಹ್‌ನ ನಿಯಮ. ಆದರೆ ರೋಗಿಗೆ ಉಪದೇಶವೊಂದೇ ಸಾಲದು. ಮೊದಲು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತಿಳಿಸಿ, ಬಳಿಕ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಬಳಗಾನೂರಿನಿಂದ ಅದು ದೂರವೆನಿಸಿದರೆ, 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ.

ಮಾತ್ರೆಗಳಿವೆ, ಸಂಶಯ ಬಂದರೂ ಮತ್ತೆ ತೊಳೆಯದೆ ತಾಳಿಕೊಳ್ಳುವ ತರಬೇತಿಯೂ ಇದೆ. ಮದ್ದಿನ ಜೊತೆ ಮನೆಯವರ ಸಹನೆಯೂ ಬೇಕು.