ಜರ್ಕ್ ಇಲ್ಲದೆ ಗೇರ್ ಬದಲಿಸೋದು ಹೇಗೆ?

ಪ್ರತಿ ಗೇರಿಗೂ ಕಾರಲ್ಲಿ ಕೂತವರ ತಲೆ ಹಿಂದೆ ಮುಂದೆ ತೂಗಾಡ್ತಿದ್ರೆ ಎಲ್ಲರೂ ಹೇಳೋದು ಒಂದೇ ಮಾತು: "ಕ್ಲಚ್ ನಿಧಾನಕ್ಕೆ ಬಿಡಪ್ಪಾ." ಸಲಹೆ ಅರ್ಧ ಸರಿ. ಕ್ಲಚ್ ನಿಧಾನಕ್ಕೆ ಬಿಟ್ರೆ ಜರ್ಕ್ ಕಾಣಿಸೋದಿಲ್ಲ, ಆದ್ರೆ ಪ್ಲೇಟ್ ಸವೆಯುತ್ತೆ. ಜರ್ಕ್ ಯಾಕೆ ಬರುತ್ತೆ ಅಂತ ಗೊತ್ತಾದ್ರೆ ಎರಡೂ ತಪ್ಪುತ್ತೆ.

ಕ್ಲಚ್‌ನ ಒಂದು ಕಡೆ ಫ್ಲೈವ್ಹೀಲ್ ಇದೆ. ಅದು ಎಂಜಿನ್ ವೇಗದಲ್ಲಿ ತಿರುಗುತ್ತೆ. ಇನ್ನೊಂದು ಕಡೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್. ಅದರ ವೇಗವನ್ನು ನಿರ್ಧರಿಸೋದು ಚಕ್ರಗಳು ಮತ್ತು ನೀವು ಹಾಕಿರೋ ಗೇರು. ಕ್ಲಚ್ ಬಿಟ್ಟ ಕ್ಷಣ ಇವೆರಡೂ ಒಂದೇ ವೇಗಕ್ಕೆ ಬರಲೇಬೇಕು. ವ್ಯತ್ಯಾಸ ಇದ್ರೆ ಒಂದು ಇನ್ನೊಂದನ್ನ ಎಳೆಯುತ್ತೆ. ಆ ಎಳೆದಾಟವೇ ಜರ್ಕ್.

"ಸಿಂಕ್ರೊಮೆಶ್ ಇದೆಯಲ್ಲ, ಅದು ನೋಡಿಕೊಳ್ಳಲ್ವಾ?" ಅಂತ ಕೇಳಬಹುದು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಸಿಂಕ್ರೊಮೆಶ್ ಗೇರ್‌ಬಾಕ್ಸ್ ಒಳಗಿನ ಗೇರು, ಶಾಫ್ಟುಗಳ ವೇಗ ಹೊಂದಿಸುತ್ತೆ, ಹಲ್ಲು ಕಿರುಗುಟ್ಟದ ಹಾಗೆ ನೋಡಿಕೊಳ್ಳುತ್ತೆ. ಆದ್ರೆ ಕ್ಲಚ್‌ನ ಆ ಕಡೆ ಇರೋ ಎಂಜಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಎಂಜಿನ್ ವೇಗ ಹೊಂದಿಸೋ ಕೆಲಸ ಡ್ರೈವರ್‌ದು.

ಒಂದು ನಿಜವಾದ ಸ್ಪೋರ್ಟ್ಸ್ ಕಾರನ್ನೇ ಲೆಕ್ಕಕ್ಕೆ ತಗೊಳ್ಳೋಣ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. ಐದು ಗೇರುಗಳ ರೇಷಿಯೊ: 3.136, 1.888, 1.330, 1.000, 0.814. ಕಾರಿನ ವೇಗ ಬದಲಾಗದಿದ್ರೆ ಹೊಸ ಆರ್‌ಪಿಎಂ ಸಿಗೋದು ಹೊಸ ರೇಷಿಯೊವನ್ನ ಹಳೆಯದರಿಂದ ಭಾಗಿಸಿ, ಈಗಿನ ಆರ್‌ಪಿಎಂನಿಂದ ಗುಣಿಸಿದಾಗ. 6000 ಆರ್‌ಪಿಎಂನಲ್ಲಿ ಗೇರ್ ಏರಿಸಿದ್ರೆ:

1ರಿಂದ 2ಕ್ಕೆ: ಸುಮಾರು 3610
2ರಿಂದ 3ಕ್ಕೆ: ಸುಮಾರು 4230
3ರಿಂದ 4ಕ್ಕೆ: ಸುಮಾರು 4510
4ರಿಂದ 5ಕ್ಕೆ: ಸುಮಾರು 4880

ಕೆಲಸಕ್ಕೆ ಬರೋ ವಿಷಯ ಇಲ್ಲೇ ಇದೆ. ಮೊದಲ ಶಿಫ್ಟ್‌ನಲ್ಲಿ ಎಂಜಿನ್ 2400 ಸುತ್ತು ಇಳಿಯಬೇಕು, ಕೊನೆಯದರಲ್ಲಿ 1100 ಸಾಕು. ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದಾಗ ಎಂಜಿನ್ ತಾನಾಗೇ ಇಳಿಯುತ್ತೆ, ಆದ್ರೆ ಅದಕ್ಕೆ ಸಮಯ ಬೇಕು. ಹಾಗಾಗಿ 1ರಿಂದ 2ಕ್ಕೆ ಒಂದು ಗಳಿಗೆ ತಡೆದು, 4ರಿಂದ 5ಕ್ಕೆ ಬೇಗ ಕ್ಲಚ್ ಬಿಡಬೇಕು. ಅವಸರ ಮಾಡಿದ್ರೆ ಕಾರು ಮುಂದಕ್ಕೆ ಜಿಗಿಯುತ್ತೆ. ತಡ ಮಾಡಿದ್ರೆ ಎಂಜಿನ್ ತೀರಾ ಇಳಿದು ಕಾರನ್ನ ಹಿಂದಕ್ಕೆ ಜಗ್ಗುತ್ತೆ.

ಗೇರ್ ಇಳಿಸುವಾಗ ಲೆಕ್ಕ ಉಲ್ಟಾ. ಮೂರನೇ ಗೇರಲ್ಲಿ 3000 ಇದ್ರೆ ಎರಡನೇದರಲ್ಲಿ ಸುಮಾರು 4260 ಬೇಕು. ಎಂಜಿನ್ ತಾನಾಗೇ ಏರಲ್ಲ, ನಾವೇ ಏರಿಸಬೇಕು. ಕ್ಲಚ್ ಒತ್ತಿ, ಗೇರ್ ಇಳಿಸಿ, ಕ್ಲಚ್ ಬಿಡೋ ಮೊದಲು ಆಕ್ಸಿಲರೇಟರನ್ನ ಒಮ್ಮೆ ಚುರುಕಾಗಿ ತಟ್ಟಿ, ಆರ್‌ಪಿಎಂ ಮೇಲಿರುವಾಗಲೇ ಕ್ಲಚ್ ಬಿಡಿ. ಇದೇ ರೆವ್ ಮ್ಯಾಚಿಂಗ್. ಬ್ರೇಕ್ ಒತ್ತಿಕೊಂಡೇ ಅದೇ ಪಾದದ ಅಂಚಿಂದ ಆಕ್ಸಿಲರೇಟರ್ ತಟ್ಟಿದ್ರೆ ಹೀಲ್ ಆಂಡ್ ಟೋ. 2009ರ ಮಾಡೆಲ್ ನಿಸ್ಸಾನ್ 370ಝಡ್‌ನಲ್ಲಿ ಈ ತಟ್ಟೋ ಕೆಲಸವನ್ನ ಕಂಪ್ಯೂಟರ್‌ಗೇ ಕೊಡುವ ಸೌಲಭ್ಯ ಇತ್ತು.

ಇದು ಬರೀ ಸ್ಟೈಲ್ ಅಲ್ಲ ಗುರು. ಒದ್ದೆ ರಸ್ತೆಯ ತಿರುವಿನಲ್ಲಿ ಆರ್‌ಪಿಎಂ ಹೊಂದಿಸದೆ ಕ್ಲಚ್ ಬಿಟ್ರೆ ಎಂಜಿನ್ ಹಿಂದಿನ ಚಕ್ರಗಳನ್ನ ತಟ್ಟನೆ ತಡೆಯುತ್ತೆ. ಹಿಡಿತ ತಪ್ಪಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಬಹುದು. ಅದಕ್ಕೇ ಬ್ರೇಕೂ ಗೇರೂ ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ ಮುಗಿಯಬೇಕು.

ಇನ್ನೊಂದು ಅಪಾಯ ತಪ್ಪು ಗೇರ್. ಮೂರನೇ ಗೇರಲ್ಲಿ 7000ಕ್ಕೆ ಹೋಗಿ, ನಾಲ್ಕು ಹಾಕೋಕೆ ಹೋಗಿ ಎರಡು ಹಾಕಿ ಕ್ಲಚ್ ಬಿಟ್ರೆ ಎಂಜಿನ್ ಸುಮಾರು 9940ಕ್ಕೆ ಏರಬೇಕಾಗುತ್ತೆ. ರೆವ್ ಲಿಮಿಟರ್ ಕಾಪಾಡಲ್ಲ, ಯಾಕಂದ್ರೆ ಈಗ ಎಂಜಿನ್ ತಿರುಗಿಸ್ತಿರೋದು ಪೆಟ್ರೋಲ್ ಅಲ್ಲ, ಚಕ್ರಗಳು. ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತೆ. ಲಿವರ್‌ನ ಮುಷ್ಟಿ ಬಿಗಿದು ಹಿಡಿದು ಎಳೆದಾಗಲೇ ಕೈ ದಾರಿ ತಪ್ಪೋದು ಜಾಸ್ತಿ. 3ರಿಂದ 4ಕ್ಕೆ ಅಂಗೈ ಸಡಿಲ ಬಿಟ್ಟು ನೇರ ಹಿಂದಕ್ಕೆ ಎಳೀರಿ. ಒಳಗಿನ ಸ್ಪ್ರಿಂಗ್ ಲಿವರನ್ನ ನಡುವಿನ ಸಾಲಲ್ಲೇ ಇಡುತ್ತೆ.

ಕಲಿಯೋಕೆ ಸ್ಪೋರ್ಟ್ಸ್ ಕಾರೇ ಬೇಕಿಲ್ಲ. ಲೈಸೆನ್ಸ್ ಇದ್ರೆ ಮನೆಯ ಮ್ಯಾನುಯಲ್ ಹ್ಯಾಚ್‌ಬ್ಯಾಕ್ ಸಾಕು. ಅದರ ಗೇರ್ ರೇಷಿಯೊ ಹುಡುಕಿ, ಮೇಲಿನ ಹಾಗೆ 2500 ಆರ್‌ಪಿಎಂಗೆ ಒಂದು ಪಟ್ಟಿ ಮಾಡಿ. ಖಾಲಿ, ಒಣ ಜಾಗದಲ್ಲಿ ಮೊದಲು 2ರಿಂದ 3ಕ್ಕೆ ಏರಿಸೋದು, ಆಮೇಲೆ 3ರಿಂದ 2ಕ್ಕೆ ಇಳಿಸೋದು ಅಭ್ಯಾಸ ಮಾಡಿ. ಹೀಲ್ ಆಂಡ್ ಟೋ ಕೊನೆಗೆ. ಸ್ವಲ್ಪ ದಿನಕ್ಕೆ ಮೀಟರ್ ನೋಡೋದೂ ಬೇಕಾಗಲ್ಲ, ಎಂಜಿನ್ ಸದ್ದೇ ಹೇಳುತ್ತೆ. ಸರಿ ಬಂತಾ ಅಂತ ತಿಳಿಯೋಕೆ ಪಕ್ಕದ ಸೀಟಲ್ಲಿ ಒಬ್ಬರನ್ನ ಕೂರಿಸಿ, ಕಣ್ಣು ಮುಚ್ಚಿಕೊಳ್ಳೋಕೆ ಹೇಳಿ. ಗೇರ್ ಬದಲಾಗಿದ್ದು ಅವರಿಗೆ ಕಿವಿಯಿಂದ ಮಾತ್ರ ಗೊತ್ತಾಗಬೇಕು, ಕುತ್ತಿಗೆಯಿಂದ ಅಲ್ಲ.