ಡಬ್ಬದೊಳಗಿನ ಕೇಬಲಿಗೂ ಮಳೆಗಾಲ ತಟ್ಟುತ್ತದೆ

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ. ಇಂಥ ಊರಲ್ಲಿ ಚಾರ್ಜರ್, ಕೇಬಲ್, ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ಎತ್ತಿಡುವಾಗ ಒಣ ಊರಿನವರ ಸಲಹೆಯನ್ನು ಹಾಗೆಯೇ ಪಾಲಿಸಿದರೆ ಕೆಡುಕೇ ಹೆಚ್ಚು.

ನಂಬಿಕೆ: ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ಕೇಬಲಿಗೆ ಏನೂ ಆಗದು.

ಸತ್ಯ: ಡಬ್ಬವನ್ನು ಯಾವಾಗ ಮುಚ್ಚಿದಿರಿ ಎಂಬುದೇ ಮುಖ್ಯ. ಜುಲೈಯಲ್ಲಿ ಮುಚ್ಚಿದರೆ ಪಸೆ ತುಂಬಿದ ಗಾಳಿ ಒಳಗೇ ಉಳಿಯುತ್ತದೆ, ರಾತ್ರಿ ತಂಪಾದಾಗ ಆ ಪಸೆ ಲೋಹದ ತುದಿಗಳ ಮೇಲೆ ಕೂರುತ್ತದೆ. ಉಪ್ಪಿನಂಶವೂ ಸೇರಿದರೆ ಹಿತ್ತಾಳೆಯ ಪಿನ್ನಿಗೆ ಹಸಿರು ಕಿಲುಬು ಹತ್ತುತ್ತದೆ. ಕಿಲುಬು ಹಿಡಿದ ಪಿನ್ ಸಾಕೆಟ್ಟಿನಲ್ಲಿ ಸರಿಯಾಗಿ ತಾಗದು. ಅಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಿ ಬಿಸಿಯೇರುತ್ತದೆ. ಪ್ಲಗ್ಗಿನ ಬುಡ ಕರಿಯಾಗುವುದಕ್ಕೆ ಇದೂ ಒಂದು ಕಾರಣ. ವೈರಿನ ಸಿಪ್ಪೆ ಎಲ್ಲಾದರೂ ಬಿರಿದಿದ್ದರೆ ಪಸೆ ತಾಮ್ರದ ಎಳೆಗಳ ಗುಂಟ ಒಳಕ್ಕೂ ಇಳಿಯುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಹಲಸಿನ ಹಪ್ಪಳವನ್ನು ಬೇಸಗೆಯಲ್ಲೇ ಒಣಗಿಸಿ ಮಳೆಗಾಲಕ್ಕೆ ಡಬ್ಬ ತುಂಬಿಸುವ ನಮ್ಮ ಅಮ್ಮಂದಿರ ಲೆಕ್ಕಾಚಾರ ಇಲ್ಲಿಗೂ ಸರಿ. ಗಾಳಿ ಒಣಗಿರುವ ಜನವರಿ, ಫೆಬ್ರವರಿಯಲ್ಲೇ ಎತ್ತಿಡಿ. ಜತೆಗೆ ಸಿಲಿಕಾ ಜೆಲ್ಲಿನ ಹೊಸ ಪೊಟ್ಟಣ ಇರಲಿ. ಶೂ ಪೆಟ್ಟಿಗೆಯಲ್ಲಿ ಬಂದ ಹಳೆಯ ಪೊಟ್ಟಣ ಅಷ್ಟರೊಳಗೆ ಪಸೆ ಹೀರಿ ಮುಗಿಸಿರುತ್ತದೆ. ಆದರೆ ಕೇಬಲನ್ನು ಬಿಸಿಲಿಗೆ ಹಾಕಬೇಡಿ, ಪಿವಿಸಿ ಸಿಪ್ಪೆ ಗಡುಸಾಗಿ ಬಿರಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಹರಡಿದರೆ ಸಾಕು. ಪದೇ ಪದೇ ಬೇಕಾಗುವುದನ್ನು ಡಬ್ಬಕ್ಕೆ ಹಾಕಲೇಬೇಡಿ. ಮಳೆಗೆ ನೆನೆಯುವ ಹೊರಗೋಡೆಯನ್ನು ಬಿಟ್ಟು, ಒಳಗೋಡೆಯ ಕೊಕ್ಕೆಗೆ ತೂಗುಹಾಕಿ.

ನಂಬಿಕೆ: ನುಸಿಗುಳಿಗೆ ಹಾಕಿದರೆ ಪಸೆ ಬಾರದು.

ಸತ್ಯ: ನುಸಿಗುಳಿಗೆ ಪಸೆಯನ್ನು ಹೀರುವುದೇ ಇಲ್ಲ. ಅದರ ಆವಿಗೆ ಕೆಲವು ಪ್ಲಾಸ್ಟಿಕ್‌ಗಳು ಮೆತ್ತಗಾಗುತ್ತವೆ. ಸುತ್ತಿದ ವೈರು ಕಟ್ಟಲು ರಬ್ಬರ್ ಬ್ಯಾಂಡೂ ಬೇಡ, ನಮ್ಮ ಸೆಕೆಗೆ ಕರಗಿ ವೈರಿಗೆ ಅಂಟಿಕೊಳ್ಳುತ್ತದೆ. ಹಳೆಯ ಬಟ್ಟೆಯ ಪಟ್ಟಿಯೇ ಒಳ್ಳೆಯದು.

ನಂಬಿಕೆ: ಮೊಣಕೈಗೆ ಬಿಗಿಯಾಗಿ ಸುತ್ತಿದರೆ ವೈರು ಅಚ್ಚುಕಟ್ಟಾಗಿರುತ್ತದೆ.

ಸತ್ಯ: ಹಾಗೆ ಸುತ್ತಿದಾಗ ಪ್ರತಿ ಸುತ್ತಿಗೂ ವೈರು ಒಂದು ತಿರುಚು ಪಡೆಯುತ್ತದೆ. ಪಳಗಿದ ಮೈಕಿನವರು ಒಂದು ಸುತ್ತನ್ನು ಮೇಲಿನಿಂದ, ಮುಂದಿನದನ್ನು ಅಡಿಯಿಂದ ಹಾಕುತ್ತಾರೆ. ತಿರುಚು ಅಲ್ಲಲ್ಲೇ ಬಿಚ್ಚಿಕೊಳ್ಳುತ್ತದೆ.

ನಂಬಿಕೆ: ಉದ್ದದ ಎಕ್ಸ್‌ಟೆನ್ಶನ್ ವೈರನ್ನು ಸುತ್ತಿಟ್ಟೇ ಬಳಸಬಹುದು.

ಸತ್ಯ: ಮೊಬೈಲ್ ಚಾರ್ಜಿಗಾದರೆ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಒಣಗದ ಬಟ್ಟೆಗೆ ಗಂಟೆಗಟ್ಟಲೆ ಇಸ್ತ್ರಿ ಹಾಕುವಾಗ ಮಾತ್ರ ಅಪಾಯ. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ 4 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಸುರುಳಿಯ ಒಳಪದರದ ಬಿಸಿಗೆ ಹೊರಹೋಗಲು ದಾರಿಯಿಲ್ಲ, ಸಾಮಾನ್ಯ ಪಿವಿಸಿ ವೈರು ತಾಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಪೂರ್ತಿ ಬಿಚ್ಚಿ ಹಾಸಿಯೇ ಬಳಸಿ.

ನಂಬಿಕೆ: ಸ್ವಿಚ್ ಆಫ್ ಇದ್ದರೆ ಸಿಡಿಲಿಗೆ ಹೆದರಬೇಕಿಲ್ಲ.

ಸತ್ಯ: ಸಾಮಾನ್ಯ ಸ್ವಿಚ್ ಫೇಸನ್ನಷ್ಟೇ ಕಡಿಯುತ್ತದೆ, ಅದರೊಳಗಿನ ಕೆಲವೇ ಮಿಲಿಮೀಟರ್ ಅಂತರ ಸಿಡಿಲಿನ ವೋಲ್ಟೇಜಿಗೆ ತಡೆಯೇ ಅಲ್ಲ. ಡಿಶ್‌ನಿಂದ ಇಳಿಯುವ ಕೇಬಲೂ ಅದಕ್ಕೆ ದಾರಿ. ಏಪ್ರಿಲ್-ಮೇ ಸಂಜೆಗಳಲ್ಲಿ ಮೋಡ ಕಟ್ಟಿತೆಂದರೆ, ಗುಡುಗು ಶುರುವಾಗುವ ಮೊದಲೇ ಟಿವಿ ಮತ್ತು ರೂಟರಿನ ಪ್ಲಗ್ ಕೀಳಬೇಕು. ಟಿವಿಯ ಹಿಂದೆ ವೈರುಗಳನ್ನು ಕಟ್ಟುವಾಗ ಪ್ಲಗ್ಗುಗಳು ಕೈಗೆ ಸಿಗುವಂತಿರಲಿ. ನೋಟಕ್ಕೆ ಚೆಂದವೆಂದು ಕಪಾಟಿನ ಹಿಂದೆ ಹುದುಗಿಸಿದ ಪ್ಲಗ್ಗನ್ನು ಆ ಹೊತ್ತಿನಲ್ಲಿ ಕೀಳುವವರಾರು?

ನಂಬಿಕೆ: ಹಾಳಾದ ವೈರನ್ನು ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕಬಹುದು.

ಸತ್ಯ: ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇದೆ, ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಆ ಹೊಗೆ ಮೊದಲು ಸೇರುವುದು ಸುಡುವವರ ಮತ್ತು ನೆರೆಮನೆಯ ಮಕ್ಕಳ ಶ್ವಾಸಕೋಶವನ್ನು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಕೆಟ್ಟ ಚಾರ್ಜರ್, ಕೇಬಲುಗಳನ್ನು ಹಸಿಕಸಕ್ಕೂ ಬೆಂಕಿಗೂ ಹಾಕದೆ, ಬೇರೆಯಾಗಿ ಕೂಡಿಟ್ಟು ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಿ.